ಫ್ರಿಜ್ 'ಟಕ್' ಎಂದು ನಿಲ್ಲುತ್ತಿದೆಯೇ? ಕಂಪ್ರೆಸರ್ ಬದಲಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನಮ್ಮ ಮನೆ ಭಾಗಮಂಡಲದ ಹತ್ತಿರ, ತೋಟದ ಒಳಗಿದೆ. ಒಂಬತ್ತು ವರ್ಷ ಹಳೆಯ 190 ಲೀಟರ್ ಸಿಂಗಲ್ ಡೋರ್ ಫ್ರಿಜ್ ಇದೆ. ಈ ಮಳೆಗೆ ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ಮೇಲೆ ಫ್ರಿಜ್ಜಿನೊಳಗೆ ಲೈಟ್ ಉರಿಯುತ್ತದೆ, ಆದರೆ ತಂಪಾಗುತ್ತಿಲ್ಲ. ಹಿಂಬದಿಗೆ ಕಿವಿ ಕೊಟ್ಟರೆ 'ಗುಂಯ್' ಎಂದು ಸ್ವಲ್ಪ ಹೊತ್ತು ಸದ್ದಾಗಿ 'ಟಕ್' ಎಂದು ನಿಲ್ಲುತ್ತದೆ. ಕೆಲವು ನಿಮಿಷ ಬಿಟ್ಟು ಮತ್ತೆ ಅದೇ. ಮೆಕ್ಯಾನಿಕ್ 'ಕಂಪ್ರೆಸರ್ ಹೋಗಿದೆ, ಗ್ಯಾಸ್ ಸೇರಿ ಏಳು ಸಾವಿರ' ಎಂದರು. ಅಂಗಡಿಯವರು ಹೊಸದನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಮೊದಲು ಹೋಗಿ ಫ್ರಿಜ್ಜಿನ ಪ್ಲಗ್ ಕಿತ್ತಿಡಿ, ಉಳಿದದ್ದನ್ನು ಆಮೇಲೆ ಓದಿ. ಆ 'ಗುಂಯ್, ಟಕ್' ಒಂದೊಂದು ಸಲ ಆದಾಗಲೂ ಕಂಪ್ರೆಸರಿನ ಒಳಗಿನ ಸುರುಳಿ ಸುಡುವಷ್ಟು ಬಿಸಿಯಾಗುತ್ತದೆ. ಇನ್ನೂ ಚೆನ್ನಾಗಿರುವ ಕಂಪ್ರೆಸರ್ ಕೂಡ ಒಂದು ರಾತ್ರಿಯಿಡೀ ಹೀಗೆ ಒದ್ದಾಡಿದರೆ ಬೆಳಿಗ್ಗೆ ನಿಜಕ್ಕೂ ಸುಟ್ಟಿರಬಹುದು.

ನೀವು ಹೇಳಿದ ಲಕ್ಷಣದಿಂದ ಕಂಪ್ರೆಸರ್ ಹೋಗಿದೆ ಎಂದು ತೀರ್ಮಾನಿಸಲು ಬರುವುದಿಲ್ಲ. ಮೋಟಾರು ತಿರುಗಲು ಯತ್ನಿಸುತ್ತಿದೆ, ಆಗುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಕಾರಣ ನಾಲ್ಕರಲ್ಲಿ ಒಂದು: ಮನೆಗೆ ಬರುವ ವೋಲ್ಟೇಜ್ ಸಾಲುತ್ತಿಲ್ಲ, ಸ್ಟಾರ್ಟಿಂಗ್ ರಿಲೇ ಹೋಗಿದೆ, ಸುರುಳಿ ಸುಟ್ಟಿದೆ, ಅಥವಾ ಕಂಪ್ರೆಸರ್ ಒಳಗೇ ಜಾಮ್ ಆಗಿದೆ. ಮೊದಲ ಎರಡರ ಖರ್ಚು ನೂರಾರು ರೂಪಾಯಿ, ಕೊನೆಯ ಎರಡರದು ಸಾವಿರಾರು. ಮಳೆಗಾಲದಲ್ಲಿ, ಅದೂ ದಿನಗಟ್ಟಲೆ ಕರೆಂಟ್ ಹೋಗಿ ಬಂದ ಮೇಲೆ, ಮೊದಲು ಅನುಮಾನಿಸಬೇಕಾದದ್ದು ಆ ಮೊದಲ ಎರಡನ್ನೇ. ಮೀಟರ್ ಹಿಡಿದು ನೋಡದೆ ಸದ್ದು ಕೇಳಿಯೇ 'ಕಂಪ್ರೆಸರ್ ಹೋಗಿದೆ' ಎಂದವರ ಮಾತಿಗೆ ಹಣ ಕೊಡಬೇಡಿ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ತೊಂದರೆ ನಿಮ್ಮ ಲೈನಿನಲ್ಲಿದ್ದರೆ ಹೊಸ ಫ್ರಿಜ್ ತಂದು ಅದೇ ಸಾಕೆಟ್ಟಿಗೆ ಹಾಕಿದರೂ ಅದಕ್ಕೂ ಇದೇ ಗತಿ. ಆದ್ದರಿಂದ ರಿಪೇರಿಯೋ ಹೊಸದೋ ಎನ್ನುವ ಮುಂಚೆ ಲೈನ್ ನೋಡಲೇಬೇಕು.

ಆ ಸದ್ದಿನೊಳಗೆ ಏನಾಗುತ್ತಿದೆ ಎಂದು ತಿಳಿದರೆ ಪರೀಕ್ಷೆ ಸುಲಭ. ಸಾಮಾನ್ಯ ಸಿಂಗಲ್ ಡೋರ್ ಫ್ರಿಜ್ಜಿನ ಕಂಪ್ರೆಸರಿನಲ್ಲಿ ಎರಡು ಸುರುಳಿಗಳಿರುತ್ತವೆ. ರನ್ ಸುರುಳಿ ಸದಾ ಕೆಲಸ ಮಾಡುತ್ತದೆ, ಸ್ಟಾರ್ಟ್ ಸುರುಳಿ ಮೋಟಾರನ್ನು ಎಬ್ಬಿಸುವ ಒಂದು ಕ್ಷಣಕ್ಕೆ ಮಾತ್ರ ಬೇಕು. ಆ ಕ್ಷಣ ಸ್ಟಾರ್ಟ್ ಸುರುಳಿಗೆ ಕರೆಂಟ್ ಬಿಟ್ಟು, ಕೂಡಲೇ ತಡೆಯುವ ಕೆಲಸ ಸ್ಟಾರ್ಟಿಂಗ್ ರಿಲೇಯದು, ಇದನ್ನೇ ಪಿಟಿಸಿ ರಿಲೇ ಎನ್ನುತ್ತಾರೆ. ಅದರೊಳಗೆ ಬಿಲ್ಲೆಯಂಥ ಒಂದು ತುಂಡು ಇದೆ. ತಣ್ಣಗಿದ್ದಾಗ ಕರೆಂಟನ್ನು ಬಿಡುತ್ತದೆ, ಬಿಸಿಯಾದೊಡನೆ ತಡೆಯುತ್ತದೆ. ಪಕ್ಕದಲ್ಲೇ ಓವರ್‌ಲೋಡ್ ಪ್ರೊಟೆಕ್ಟರ್ ಇದೆ. ಮೋಟಾರು ತಿರುಗದೆ ನಿಂತರೆ ಅದು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಓಡುವಾಗ 1 ಆಂಪಿಯರ್ ಆಸುಪಾಸು ಇರುವುದು ಆಗ 5ರಿಂದ 8ಕ್ಕೆ ಏರುತ್ತದೆ. ಕೆಲವು ಸೆಕೆಂಡಿನಲ್ಲಿ ಓವರ್‌ಲೋಡ್ ಬಿಸಿಯಾಗಿ 'ಟಕ್' ಎಂದು ಬಿಡಿಸುತ್ತದೆ, ತಣಿದ ಮೇಲೆ ತಾನೇ ಸೇರಿಕೊಳ್ಳುತ್ತದೆ. ನೀವು ಕೇಳುತ್ತಿರುವ ಸದ್ದು ಇದು. ಅಂದರೆ ನಿಮ್ಮ ಓವರ್‌ಲೋಡ್ ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತಿದೆ, ಥರ್ಮೋಸ್ಟಾಟ್ ಕೂಡ ಸರಿಯಿದೆ. ಯಾವ ಸದ್ದೂ ಇಲ್ಲದೆ ಬರೀ ಲೈಟ್ ಉರಿಯುತ್ತಿದ್ದರೆ ಮಾತ್ರ ಥರ್ಮೋಸ್ಟಾಟ್ ಅಥವಾ ಓವರ್‌ಲೋಡನ್ನು ಅನುಮಾನಿಸಬೇಕಿತ್ತು.

ಈಗ ವೋಲ್ಟೇಜ್. ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು. ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ನಾಲ್ಕೈದು ನೂರು ರೂಪಾಯಿಗೆ ಸಿಗುವುದೂ ಈ ಕೆಲಸಕ್ಕೆ ಸಾಕು. ಎಸಿ 750 ಅಥವಾ 600 ವೋಲ್ಟ್ ಎಂದಿರುವ ಕಡೆಗೆ ತಿರುಗಿಸಿ, ಫ್ರಿಜ್ ಹಾಕುವ ಅದೇ ಸಾಕೆಟ್ಟಿನಲ್ಲಿ ಅಳೆಯಿರಿ. ಕೈ ಒಣಗಿರಲಿ, ಕಾಲಿಗೆ ಒಣ ಚಪ್ಪಲಿ ಇರಲಿ. ಮಳೆಗಾಲದಲ್ಲಿ ನೆಲ ಬೆವರುವ ಅಡುಗೆಮನೆಯಲ್ಲಿ ಇದನ್ನು ಉಡಾಫೆ ಮಾಡಬಾರದು. ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಸಂಜೆ ಏಳರಿಂದ ಒಂಬತ್ತರ ನಡುವೆ ಒಮ್ಮೆ, ಅಕ್ಕಪಕ್ಕದ ತೋಟಗಳಲ್ಲಿ ಮೋಟಾರ್ ಓಡುವ ಹೊತ್ತಿಗೆ ಇನ್ನೊಮ್ಮೆ ಅಳೆದು ಬರೆದಿಡಿ.

ಇರಬೇಕಾದದ್ದು 230 ವೋಲ್ಟ್. 210ರಿಂದ 245ರ ಒಳಗೆ ಬಂದರೆ ಚಿಂತೆ ಬೇಡ. 180ಕ್ಕಿಂತ ಕೆಳಗಿದ್ದರೆ ನಿಮ್ಮ ಫ್ರಿಜ್ ಏಳದಿರಲು ಅದೊಂದೇ ಕಾರಣ ಸಾಕು. ಮೋಟಾರು ಎಬ್ಬಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 160 ಬಂದರೆ ವೋಲ್ಟೇಜ್ ಇಳಿದದ್ದು ಮೂರನೇ ಒಂದು ಭಾಗಕ್ಕೂ ಕಡಿಮೆ, ಆದರೆ ಬಲ ಅರ್ಧಕ್ಕಿಂತ ಕೆಳಗೆ ಬಂದಿರುತ್ತದೆ. ಟ್ರಾನ್ಸ್‌ಫಾರ್ಮರ್ ಊರಿನ ಕಡೆ, ಮನೆ ತೋಟದ ಕೊನೆಯಲ್ಲಿ, ನಡುವೆ ಉದ್ದುದ್ದ ತಂತಿ. ಕೊಡಗಿನ ಎಷ್ಟೋ ಮನೆಗಳ ಕಥೆ ಇದೇ. ಬಲ್ಬು, ಟಿವಿ ಅಷ್ಟರಲ್ಲೇ ನಡೆಯುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಪೆಟ್ಟು ಬೀಳುವುದು ಫ್ರಿಜ್ಜಿಗೆ, ನೀರಿನ ಪಂಪಿಗೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಮೀಟರ್ ಹಿಡಿದುಕೊಂಡೇ ಇದ್ದು, ಅದೇ ಸಾಲಿನ ಇನ್ನೊಂದು ಸಾಕೆಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆಯನ್ನೋ ಎಲೆಕ್ಟ್ರಿಕ್ ಕೆಟಲನ್ನೋ ಹಾಕಿಸಿ. ಐದಾರು ವೋಲ್ಟ್ ಇಳಿದರೆ ಸಹಜ. ಇಪ್ಪತ್ತು ಮೂವತ್ತು ಇಳಿದರೆ ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ: ಸಾಕೆಟ್ಟಿನ ಸ್ಕ್ರೂ, ಮೇನ್ ಸ್ವಿಚ್, ಮೀಟರ್ ಬೋರ್ಡ್, ಅಥವಾ ಕಂಬದ ಮೇಲೆ ತಂತಿಗಳನ್ನು ಜೋಡಿಸುವ ಜಂಪರ್. ಆರು ತಿಂಗಳ ಥಂಡಿಯಲ್ಲಿ ಹಿತ್ತಾಳೆಯ ಸ್ಕ್ರೂ ಕೂಡ ಹಸಿರುಗಟ್ಟುತ್ತದೆ. ಸಾಕೆಟ್ಟಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ ಇನ್ನೇನೂ ಯೋಚಿಸದೆ ಬದಲಿಸಿ. ಎಕ್ಸ್‌ಟೆನ್ಶನ್ ಬೋರ್ಡಿನ ಮೇಲೆ ಫ್ರಿಜ್ ಓಡಿಸುತ್ತಿದ್ದರೆ ಇವತ್ತೇ ನಿಲ್ಲಿಸಿ.

ಮರ ಬಿದ್ದ ಮೇಲೆ ಇನ್ನೊಂದು ಅಪಾಯವನ್ನು ಮರೆಯಬಾರದು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಅಥವಾ ಅದರ ಜೋಡಣೆ ಕೈಕೊಟ್ಟರೆ ಒಂದು ಮನೆಗೆ ವೋಲ್ಟೇಜ್ ಇಳಿದು, ಇನ್ನೊಂದು ಮನೆಗೆ 300 ದಾಟಿ 400ರ ಹತ್ತಿರಕ್ಕೂ ಏರಬಹುದು. ನಿಮ್ಮ ಬಲ್ಬ್ ಮಂಕಾಗಿ ಪಕ್ಕದ ಮನೆಯದು ಕಣ್ಣು ಕುಕ್ಕುವಂತೆ ಉರಿದರೆ, ಅಥವಾ ಒಂದೇ ಮನೆಯಲ್ಲಿ ಹೊಳಪು ಏರಿಳಿಯುತ್ತಿದ್ದರೆ ಮೇನ್ ಇಳಿಸಿಬಿಡಿ. ಕಂಬದ ಕೆಲಸ ವಿದ್ಯುತ್ ಕಂಪನಿ ಸೆಸ್ಕ್‌ನವರದು, 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 'ಕರೆಂಟ್ ಸರಿಯಿಲ್ಲ' ಎಂದರೆ ಸಾಲದು. 'ಸಂಜೆ ಏಳೂವರೆಗೆ 158 ವೋಲ್ಟ್ ಇತ್ತು, ನ್ಯೂಟ್ರಲ್ ಅನುಮಾನ' ಎಂದು ಹೇಳಿದರೆ ಲೈನ್‌ಮನ್‌ಗೆ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ.

ವೋಲ್ಟೇಜ್ ಸರಿಯಿದ್ದರೆ ಫ್ರಿಜ್ಜಿನ ಹಿಂಬದಿಗೆ ಬನ್ನಿ. ಪ್ಲಗ್ ಕಿತ್ತಿರುವುದು ಕಣ್ಣಾರೆ ಕಾಣುವಂತಿರಲಿ, ಸ್ವಿಚ್ ಆಫ್ ಮಾಡಿದ್ದೇನೆ ಎಂಬ ನೆಚ್ಚಿಕೆ ಬೇಡ. ಫ್ರಿಜ್ಜನ್ನು ಮಲಗಿಸಬೇಡಿ, ನಿಂತಂತೆಯೇ ಮುಂದೆ ಎಳೆಯಿರಿ. ಕಂಪ್ರೆಸರ್ ಮೇಲೆ ಲೇಬಲ್ ಇರುತ್ತದೆ, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಗ್ಯಾಸ್ ಆರ್134ಎ ಎಂದಿದೆಯೋ ಆರ್600ಎ ಎಂದಿದೆಯೋ ನೋಡಿ. 600ಎ ಆದರೆ ಜ್ವಾಲೆಯ ಚಿಹ್ನೆಯ ಹಳದಿ ಸ್ಟಿಕರ್ ಇರುತ್ತದೆ. ಅದು ಬೆಂಕಿ ಹಿಡಿಯುವ ಅನಿಲ. ಪೈಪನ್ನು ಮುಟ್ಟದೆ ರಿಲೇ ಮಾತ್ರ ಬಿಚ್ಚಲು ಅದು ಅಡ್ಡಿಯಲ್ಲ. ಪೈಪ್ ಕತ್ತರಿಸುವ, ಬೆಸೆಯುವ ಯಾವ ಕೆಲಸವೂ ಮನೆಯವರದಲ್ಲ.

ಕಂಪ್ರೆಸರಿನ ಪಕ್ಕಕ್ಕೆ ಅಂಟಿದಂತೆ ಒಂದು ಕಪ್ಪು ಅಥವಾ ಬಿಳಿ ಪ್ಲಾಸ್ಟಿಕ್ ಮುಚ್ಚಳ ಇದೆ. ಸ್ಪ್ರಿಂಗ್ ಕ್ಲಿಪ್ ಅಥವಾ ಒಂದು ಸ್ಕ್ರೂ ತೆಗೆದರೆ ಬರುತ್ತದೆ. ಬಿಚ್ಚುವ ಮೊದಲು ತಂತಿಗಳ ಫೋಟೋ ತೆಗೆಯಿರಿ. ಒಳಗೆ ಕೊಡಗಿನ ಮಳೆಗಾಲದ ಗುರುತುಗಳು ಸಿಗುವುದುಂಟು: ಇರುವೆ ಗೂಡು, ಬೆಚ್ಚಗಿನ ಜಾಗ ಹುಡುಕಿ ಬಂದು ಸತ್ತ ಹಲ್ಲಿ, ಇಲಿ ಕಡಿದ ತಂತಿ, ಹಸಿರುಗಟ್ಟಿದ ಟರ್ಮಿನಲ್. ಇನ್ನೊಂದನ್ನು ಅನೇಕರು ಗಮನಿಸುವುದಿಲ್ಲ. ಕಂಪ್ರೆಸರ್ ತಲೆಯ ಮೇಲೆ ಐಸ್ ಕರಗಿದ ನೀರು ಬೀಳುವ ತಟ್ಟೆ ಇದೆಯಲ್ಲ, ಬೇಸಿಗೆಯಲ್ಲಿ ಆ ನೀರು ಕಂಪ್ರೆಸರಿನ ಬಿಸಿಗೆ ತಾನೇ ಆರಿಹೋಗುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ತೇವದಲ್ಲಿ ಆರುವುದಿಲ್ಲ. ನಾಲ್ಕು ದಿನ ಕರೆಂಟ್ ಇಲ್ಲದೆ ಫ್ರೀಜರಿನ ಐಸ್ ಪೂರ್ತಿ ಕರಗಿದರೆ ತಟ್ಟೆ ತುಂಬಿ ನೇರವಾಗಿ ಈ ಮುಚ್ಚಳದ ಮೇಲೆ ಹರಿಯಬಹುದು. ಒಳಗೆ ಒದ್ದೆ ಕಂಡರೆ ಒಣಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರಿನ ಹದ ಬಿಸಿಯಲ್ಲಿ ಚೆನ್ನಾಗಿ ಒಣಗಿಸಿ. ಹಸಿರುಗಟ್ಟಿದ ಪಿನ್ನನ್ನು ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ.

ರಿಲೇಯನ್ನು ನೇರವಾಗಿ ಹಿಂದಕ್ಕೆ ಎಳೆದು ತೆಗೆಯಿರಿ. ಓರೆ ಮಾಡಿ ತಿರುಚಿದರೆ ಪಿನ್ನಿನ ಸುತ್ತ ಇರುವ ಗಾಜಿನ ಸೀಲ್ ಬಿರಿದು ಗ್ಯಾಸ್ ಸೋರುತ್ತದೆ, ಆಮೇಲೆ ಉಳಿಯುವುದು ಕಂಪ್ರೆಸರ್ ಬದಲಿಸುವುದೊಂದೇ. ಬಂದ ರಿಲೇಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಗಿಲಕಿಯಂತೆ ಸದ್ದಾದರೆ ಒಳಗಿನ ಬಿಲ್ಲೆ ಒಡೆದಿದೆ. ಸುಟ್ಟ ವಾಸನೆ, ಕಪ್ಪು ಕಲೆ ಇದ್ದರೂ ಅದೇ ತೀರ್ಪು. ಸದ್ದಿಲ್ಲದಿದ್ದರೆ ಮೀಟರನ್ನು 200 ಓಮ್‌ಗೆ ಇಟ್ಟು ಬಿಲ್ಲೆಯ ಎರಡು ಬದಿಗೆ ತಗುಲುವ ಪಾಯಿಂಟುಗಳ ನಡುವೆ ಅಳೆಯಿರಿ. ತಣ್ಣಗಿರುವ ಒಳ್ಳೆಯ ರಿಲೇ ಸಾಮಾನ್ಯವಾಗಿ 10ರಿಂದ 40 ಓಮ್ ತೋರಿಸುತ್ತದೆ. ನೂರಾರು ಓಮ್ ಅಥವಾ ಏನೂ ತೋರಿಸದಿದ್ದರೆ ಹೋಗಿದೆ. ಆದರೆ ಪ್ಲಗ್ ಕಿತ್ತು ಹತ್ತು ನಿಮಿಷವಾದರೂ ಆಗಿರಬೇಕು. ಬಿಸಿ ರಿಲೇಯನ್ನು ಅಳೆದರೆ ಒಳ್ಳೆಯದೂ ಕೆಟ್ಟದ್ದರಂತೆ ಕಾಣುತ್ತದೆ. ಓವರ್‌ಲೋಡಿನ ಎರಡು ತುದಿಗಳ ನಡುವೆ ಸೊನ್ನೆಗೆ ಹತ್ತಿರ ಬರಬೇಕು, ಒಂದೆರಡು ಓಮ್ ದಾಟಬಾರದು.

ಈಗ ಕಂಪ್ರೆಸರಿನ ಮೂರು ಪಿನ್ನುಗಳು ಬೆತ್ತಲೆಯಾಗಿ ಕಾಣುತ್ತವೆ. ಯಾವುದು ಏನೆಂದು ಅಲ್ಲಿ ಬರೆದಿರುವುದಿಲ್ಲ, ಮೀಟರಿನಿಂದಲೇ ತಿಳಿಯಬಹುದು. ಎರಡೆರಡು ಪಿನ್ನುಗಳ ನಡುವೆ ಮೂರು ಸಲ ಅಳೆಯಿರಿ. ಉದಾಹರಣೆಗೆ 14, 22, 36 ಓಮ್ ಬಂತು ಎನ್ನಿ. 36 ಬಂದ ಜೋಡಿಯನ್ನು ಬಿಟ್ಟು ಉಳಿದ ಪಿನ್ ಕಾಮನ್. ಕಾಮನ್‌ನಿಂದ 14 ತೋರಿಸುವುದು ರನ್, 22 ತೋರಿಸುವುದು ಸ್ಟಾರ್ಟ್. ಅಂಕಿ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಚಿಕ್ಕ ಎರಡು ಅಂಕಿಗಳ ಮೊತ್ತ ದೊಡ್ಡದಕ್ಕೆ ಸಮ ಬರಬೇಕು. ಬಂದರೆ ಸುರುಳಿ ತುಂಡಾಗಿಲ್ಲ. ಯಾವುದಾದರೂ ಜೋಡಿಯಲ್ಲಿ ಮೀಟರ್ ಏನೂ ತೋರದಿದ್ದರೆ ಸುರುಳಿ ಕಡಿದಿದೆ. ಮೊತ್ತ ತಾಳೆಯಾಗದಿದ್ದರೆ, ಅಥವಾ ಒಂದು ಅಂಕಿ ಒಂದೆರಡು ಓಮ್‌ಗೆ ಇಳಿದಿದ್ದರೆ ಒಳಗೆ ಶಾರ್ಟ್ ಆಗಿದೆ. ಆಗ ಮೆಕ್ಯಾನಿಕ್ ಹೇಳಿದ್ದು ನಿಜ.

ಕೊನೆಯದಾಗಿ ಪ್ರತಿ ಪಿನ್ನಿಗೂ ಕಂಪ್ರೆಸರಿನ ತಾಮ್ರದ ಪೈಪಿಗೂ ನಡುವೆ, ಮೀಟರಿನ ಅತಿ ದೊಡ್ಡ ಓಮ್ ಸ್ಥಾನದಲ್ಲಿಟ್ಟು ನೋಡಿ. ಪೈಪಿನ ಬಣ್ಣ ಸ್ವಲ್ಪ ಕೆರೆದು ಲೋಹ ಕಾಣುವ ಕಡೆ ಮುಟ್ಟಿಸಿ. ಏನೂ ತೋರಿಸಬಾರದು. ಕಿಲೋಓಮ್‌ನಲ್ಲಿ ಯಾವುದೇ ಅಂಕಿ ಬಂದರೆ ಸುರುಳಿ ಮೈಗೆ ತಗುಲಿದೆ, ಫ್ರಿಜ್ ಮುಟ್ಟಿದರೆ ಶಾಕ್ ಹೊಡೆಯಬಹುದು. ಅಲ್ಲಿಗೆ ನಿಲ್ಲಿಸಿ. ಒಳ್ಳೆಯ ಮೆಕ್ಯಾನಿಕ್ ಬಳಿ ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೀಟರ್, ಅಂದರೆ ಮೆಗ್ಗರ್ ಇರುತ್ತದೆ. ಅದರಲ್ಲಿ ಕನಿಷ್ಠ 2 ಮೆಗಾಓಮ್ ಬರಬೇಕು. ಮಲ್ಟಿಮೀಟರ್ ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನೋಡುವುದರಿಂದ ದುರ್ಬಲ ಇನ್ಸುಲೇಶನ್ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಮನೆಯಲ್ಲಿ, ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದು ಫ್ರಿಜ್ ಹಾಕಿದೊಡನೆ ಅದು ಬೀಳುತ್ತಿದ್ದರೆ ಮೆಗ್ಗರ್ ಹಿಡಿಸದೆ ಮುಂದುವರಿಯಬೇಡಿ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಓಡಿಸುವವರಿದ್ದಾರೆ. ಒದ್ದೆ ನೆಲದ ಮನೆಯಲ್ಲಿ ಅದು ಜೀವದ ಪ್ರಶ್ನೆ.

ಸುರುಳಿ ಸರಿಯಿದೆ ಎಂದಾದರೆ, ರಿಲೇ ಚೆನ್ನಾಗಿರುವಂತೆ ಕಂಡರೂ ರಿಲೇ ಮತ್ತು ಓವರ್‌ಲೋಡ್ ಎರಡನ್ನೂ ಹೊಸದು ಹಾಕಿಸಿ. ಎರಡೂ ಸೇರಿ ಸುಮಾರು 250ರಿಂದ 600 ರೂಪಾಯಿ, ಮೆಕ್ಯಾನಿಕ್ ಬಂದು ಹೋಗುವುದಕ್ಕೆ ಇನ್ನು ನಾಲ್ಕೈದು ನೂರು. ಕಂಪ್ರೆಸರ್ ಲೇಬಲಿನ ಫೋಟೋ ತೋರಿಸಿ ಅದೇ ಮಾದರಿಗೆ ಹೊಂದುವುದನ್ನೇ ಕೇಳಿ. 'ಎಲ್ಲಕ್ಕೂ ಆಗುತ್ತೆ' ಎನ್ನುವ ಓವರ್‌ಲೋಡ್ ನಿಮ್ಮ ಕಂಪ್ರೆಸರಿಗೆ ದೊಡ್ಡದಾದರೆ ಸುರುಳಿ ಸುಟ್ಟ ಮೇಲೆ ಬೀಳುತ್ತದೆ, ಅಂಥದ್ದರಿಂದ ಪ್ರಯೋಜನವಿಲ್ಲ. ಆರ್600ಎ ಫ್ರಿಜ್ಜಿಗೆ ಹಳೆಯ ಕಾಲದ, ಕಿಡಿ ಹಾರಿಸುವ ಕಾಯಿಲ್ ರಿಲೇ ಹಾಕಲೇಬಾರದು.

ಹಾಕಿದ ಮೇಲೆ ಮುಚ್ಚಳ, ಕ್ಲಿಪ್ ಎಲ್ಲ ಸೇರಿಸಿ ಪ್ಲಗ್ ಹಾಕಿ. ಕಂಪ್ರೆಸರ್ ಒಂದೆರಡು ಸೆಕೆಂಡಿನಲ್ಲಿ ಏಳಬೇಕು. ಮೆಕ್ಯಾನಿಕ್ ಬಳಿ ಕ್ಲ್ಯಾಂಪ್ ಮೀಟರ್ ಇದ್ದರೆ ಓಡುವ ಕರೆಂಟ್ ಲೇಬಲಿನ ಅಂಕಿಯ ಆಸುಪಾಸಿಗೆ ಇಳಿದಿದೆಯೇ ನೋಡಲಿ. ಅರ್ಧ ಗಂಟೆಯಲ್ಲಿ ಫ್ರೀಜರಿನ ಗೋಡೆಯಿಡೀ ಬೆರಳಿಗೆ ಚುರುಕ್ ಎನ್ನುವಷ್ಟು ತಣ್ಣಗಾದರೆ ಗ್ಯಾಸ್ ಕೂಡ ಸರಿಯಿದೆ, ಕೆಲಸ ಮುಗಿಯಿತು. ರಿಲೇ ಹೊಸದು, ವೋಲ್ಟೇಜ್ 220, ಸುರುಳಿ ಸರಿ, ಆದರೂ ಅದೇ 'ಗುಂಯ್, ಟಕ್' ಆದರೆ ಒಳಗಿನ ಪಿಸ್ಟನ್ ಜಾಮ್. ಸ್ಟಾರ್ಟಿಂಗ್ ಕೆಪಾಸಿಟರ್ ಕಟ್ಟಿ ಒಮ್ಮೆ ಎಬ್ಬಿಸಿ ನೋಡುವವರಿದ್ದಾರೆ. ಎದ್ದರೂ ಹೆಚ್ಚು ದಿನ ನೆಚ್ಚಲಾಗದು.

ಕಂಪ್ರೆಸರ್ ಬದಲಿಸಲೇಬೇಕು ಎಂದಾದರೆ, ದುಡ್ಡಿಗಿಂತ ಮೊದಲು ಕೆಲಸದ ಕ್ರಮ ಕೇಳಿ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ನೀರಾಗಿರುತ್ತದೆ. ಪೈಪ್ ತೆರೆದ ಹೊತ್ತಿನಲ್ಲಿ ಆ ತೇವ ಒಳಗೆ ಹೋದರೆ ಗ್ಯಾಸ್ ಹಾಯುವ ಕೂದಲೆಳೆಯಂಥ ಕ್ಯಾಪಿಲರಿ ಪೈಪಿನ ಬಾಯಿಯಲ್ಲಿ ಐಸ್ ಕಟ್ಟುತ್ತದೆ. ಫ್ರಿಜ್ ಎರಡು ಗಂಟೆ ತಂಪಾಗುತ್ತದೆ, ನಿಲ್ಲುತ್ತದೆ, ಐಸ್ ಕರಗಿ ಮತ್ತೆ ಶುರುವಾಗುತ್ತದೆ. ಕಂಪ್ರೆಸರ್ ಹಾಕಿಸಿ ವಾರ ಕಳೆಯುವ ಮೊದಲೇ ಹೀಗಾದರೆ ಕಾರಣ ಬಹುತೇಕ ಇದೇ. ಆರ್134ಎ ಕಂಪ್ರೆಸರಿನ ಎಣ್ಣೆಯಂತೂ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ಹೊಸ ಕಂಪ್ರೆಸರಿನ ರಬ್ಬರ್ ಬೂಚು ತೆಗೆದಿಟ್ಟು ಚಹಾ ಕುಡಿದು ಬರುವಂತಿಲ್ಲ. ತೆಗೆದ ಹತ್ತು ಹದಿನೈದು ನಿಮಿಷದೊಳಗೆ ಬೆಸೆದು ಮುಗಿಸಬೇಕು.

ಆದ್ದರಿಂದ ಕೇಳಬೇಕಾದದ್ದು ಇವು. ಗ್ಯಾಸಿನ ತೇವ ಹೀರುವ ಫಿಲ್ಟರ್ ಡ್ರೈಯರ್ ಹೊಸದು ಹಾಕುತ್ತೀರಾ? (ಹಳೆಯದನ್ನು ಉಳಿಸುವುದು ತಪ್ಪು.) ನೈಟ್ರೋಜನ್ ತುಂಬಿ ಸೋಪಿನ ನೊರೆಯಲ್ಲಿ ಸೋರಿಕೆ ನೋಡುತ್ತೀರಾ? ವ್ಯಾಕ್ಯೂಮ್ ಪಂಪ್ ತರುತ್ತೀರಾ, ಅರ್ಧ ಗಂಟೆಯಾದರೂ ಎಳೆದು, ನಿಲ್ಲಿಸಿ, ಮುಳ್ಳು ಏರುವುದಿಲ್ಲವೆಂದು ತೋರಿಸುತ್ತೀರಾ? ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತೀರಾ? ಈ ಗಾತ್ರದ ಫ್ರಿಜ್ಜಿಗೆ ಆರ್600ಎ ಬೇಕಾಗುವುದು ಹತ್ತಾರು ಗ್ರಾಂ ಅಷ್ಟೇ, ಎಷ್ಟೆಂದು ಫ್ರಿಜ್ಜಿನ ಲೇಬಲಿನಲ್ಲೇ ಬರೆದಿರುತ್ತದೆ. ಅಲ್ಲಿ ಐದು ಗ್ರಾಂ ಹೆಚ್ಚುಕಡಿಮೆಯಾದರೂ ತಂಪು ಕೆಡುತ್ತದೆ. ಕೈಯಂದಾಜಿನಲ್ಲಿ ಹಾಕುವ ಮಾತೇ ಇಲ್ಲ. ಹಳೆಯದು 600ಎ ಇದ್ದರೆ ಹೊಸ ಕಂಪ್ರೆಸರೂ 600ಎ ದೇ ಆಗಬೇಕು. ಆ ಗ್ಯಾಸಿನ ಪೈಪನ್ನು ಅಡುಗೆಮನೆಯಲ್ಲಿ ಒಲೆ ಉರಿಯುವಾಗ ತೆರೆಯಬಾರದು. ಕಿಟಕಿ ಬಾಗಿಲು ತೆಗೆದಿರಬೇಕು, ಗ್ಯಾಸ್ ಪೂರ್ತಿ ಹೊರಹೋಗಿ ನೈಟ್ರೋಜನ್ ಹಾಯಿಸುವ ಮೊದಲು ಬೆಸುಗೆಯ ಟಾರ್ಚ್ ಹಚ್ಚಬಾರದು. ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಡುವವರು ಸಿಕ್ಕರೆ ಐನೂರು ಹೆಚ್ಚು ಕೇಳಿದರೂ ಅವರಿಗೇ ಕೊಡಿ. ಮಳೆ ಬಿಡುವು ಕೊಟ್ಟ ದಿನ ನೋಡಿ ಮಾಡಿಸಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ರಿಲೇ, ಓವರ್‌ಲೋಡ್, ಥರ್ಮೋಸ್ಟಾಟ್, ಬಾಗಿಲಿನ ಗ್ಯಾಸ್ಕೆಟ್ (ಅಂಚಿನ ರಬ್ಬರ್) ಇವುಗಳಲ್ಲಿ ಯಾವುದೇ ಆದರೂ ಒಂಬತ್ತು ವರ್ಷದ ಫ್ರಿಜ್ಜನ್ನು ಕಣ್ಣುಮುಚ್ಚಿ ರಿಪೇರಿ ಮಾಡಿಸಿ. ಹೊರಗೆ ಕಾಣುವ ಪೈಪಿನಲ್ಲಿ ಸೋರಿಕೆ ಇದ್ದರೂ ಮಾಡಿಸಬಹುದು. ಕಂಪ್ರೆಸರ್ ಎಂದಾದರೆ ನನ್ನ ಅಭಿಪ್ರಾಯ ಬೇರೆ. ಈ ಗಾತ್ರದ ಹೊಸ ಡೈರೆಕ್ಟ್ ಕೂಲ್ (ಫ್ಯಾನಿಲ್ಲದ, ಐಸ್ ಕಟ್ಟುವ ಸಾಮಾನ್ಯ) ಫ್ರಿಜ್ ಸುಮಾರು 13ರಿಂದ 18 ಸಾವಿರದೊಳಗೆ ಸಿಗುತ್ತದೆ. ಅದರ ಅರ್ಧದಷ್ಟನ್ನು ಒಂಬತ್ತು ವರ್ಷದ ಪೆಟ್ಟಿಗೆಗೆ ಸುರಿಯುವುದು ಬೇಡ. ಕಾರಣ ಕಂಪ್ರೆಸರ್ ಅಲ್ಲ, ಉಳಿದದ್ದು. ಅದೇ ಥಂಡಿಯಲ್ಲಿ ಅಷ್ಟೇ ವರ್ಷ ಕಳೆದ ಬಿಸಿ ಹೊರಹಾಕುವ ಕಬ್ಬಿಣದ ಕಂಡೆನ್ಸರ್ ಪೈಪ್, ಅದರ ಕೆಳಗಿನ ಮೂಲೆಗಳು ಒಳಗೊಳಗೇ ತುಕ್ಕು ತಿಂದಿರುತ್ತವೆ. ಹೊಸ ಕಂಪ್ರೆಸರಿನ ಒತ್ತಡಕ್ಕೆ ಮುಂದಿನ ಮಳೆಯಲ್ಲಿ ಅಲ್ಲಿ ತೂತು ಬಿದ್ದರೆ ಹಾಕಿದ ಹಣ, ತುಂಬಿದ ಗ್ಯಾಸ್ ಎರಡೂ ಹೋಯಿತು. ಫ್ರಿಜ್ ನಾಲ್ಕೈದು ವರ್ಷದ್ದಾಗಿದ್ದರೆ, ಅಥವಾ ಕಂಪನಿ ಕಂಪ್ರೆಸರಿಗೆ ಕೊಟ್ಟ ಹತ್ತು ವರ್ಷದ ವಾರಂಟಿ ಇನ್ನೂ ಉಳಿದಿದ್ದರೆ ಮಾತು ಬೇರೆ. ಬಿಲ್, ವಾರಂಟಿ ಕಾರ್ಡ್ ಹುಡುಕಿ ನೋಡಿ. ನಿಮ್ಮದು ಒಂಬತ್ತು ವರ್ಷವೆಂದಿರಿ, ಹತ್ತರ ವಾರಂಟಿ ಇರುವ ಮಾದರಿಯಾದರೆ ಹೊರಗಿನ ಮೆಕ್ಯಾನಿಕ್ ಪೈಪ್ ಕತ್ತರಿಸುವ ಮೊದಲೇ ಕಂಪನಿಗೆ ದೂರು ಹೋಗಬೇಕು.

ಕಂಪ್ರೆಸರ್ ಓಡುತ್ತಿದ್ದೂ ತಂಪಾಗದ ಫ್ರಿಜ್ ಇರುವವರಿಗೂ ಒಂದು ಮಾತು. ಫ್ರೀಜರಿನ ಐಸನ್ನು ಚಾಕುವಿನಿಂದ ಕೆರೆದು ಅಲ್ಯುಮಿನಿಯಂ ಗೋಡೆ ತೂತಾಗಿದ್ದರೆ, ಅಥವಾ ಪೆಟ್ಟಿಗೆಯ ಗೋಡೆಯೊಳಗೆ ಫೋಮಿನಲ್ಲಿ ಹುದುಗಿರುವ ಪೈಪ್ ಸೋರುತ್ತಿದ್ದರೆ ಹಳೆಯ ಫ್ರಿಜ್ಜಿಗೆ ಅದು ಕೊನೆ ಎಂದೇ ತಿಳಿಯಿರಿ. ಪ್ರತಿ ವರ್ಷ ಗ್ಯಾಸ್ ತುಂಬಿಸುವುದು ರಿಪೇರಿಯಲ್ಲ.

'ಹೊಸದು ತಂದರೆ ಕರೆಂಟ್ ಬಿಲ್ಲಿನಲ್ಲೇ ದುಡ್ಡು ವಾಪಸ್' ಎಂಬ ಅಂಗಡಿಯ ಲೆಕ್ಕವನ್ನು ನಮ್ಮೂರಿಗೆ ಹೊಂದಿಸಿ ನೋಡಿ. ಸ್ಟಾರ್ ಲೇಬಲಿನ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಚ್ಚಾಗಿರುತ್ತದೆ. ಹಳೆಯದರ ಲೇಬಲ್ ಉಳಿದಿದ್ದರೆ ಎರಡನ್ನೂ ಕಳೆಯಿರಿ. ಕೊಡಗಿನ ತಂಪಿನಲ್ಲಿ ಕಂಪ್ರೆಸರ್ ಓಡುವ ಹೊತ್ತೇ ಕಡಿಮೆ, ಹಾಗಾಗಿ ಕಲಬುರಗಿಯಲ್ಲಿ ಆಗುವಷ್ಟು ಉಳಿತಾಯ ಇಲ್ಲಿ ಆಗದು. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ಉಳಿಸಿದ ಯೂನಿಟ್ಟಿಗೆ ಕೈಗೆ ಬರುವ ದುಡ್ಡೇನೂ ಇಲ್ಲ. ಆದರೆ ಹಳೆಯ ಫ್ರಿಜ್ ಗ್ಯಾಸ್ ಕಡಿಮೆಯಾಗಿ ದಿನವಿಡೀ ಓಡಿ ನಿಮ್ಮ ಸರಾಸರಿಯ ಮಿತಿ ದಾಟಿಸುತ್ತಿದ್ದರೆ ಅದು ಬಿಲ್ಲಿನಲ್ಲಿ ಕಾಣುತ್ತದೆ.

ಹಳೆಯದೇ ಉಳಿಯಲಿ, ಹೊಸದೇ ಬರಲಿ, ಸ್ಟೆಬಿಲೈಸರ್ ಬೇಕು. ಈ ಗಾತ್ರಕ್ಕೆ 0.5 ಕೆವಿಎ ಸಾಕು. ಕೆಳಗಿನ ಮಿತಿ ನೀವು ಅಳೆದ ಅತಿ ಕಡಿಮೆ ವೋಲ್ಟೇಜಿಗಿಂತ ಕೆಳಗಿರಬೇಕು, ಅದಕ್ಕಾಗಿಯೇ ಮೂರು ಹೊತ್ತು ಅಳೆದು ಬರೆದಿಡಿ ಎಂದದ್ದು. ಅದರಲ್ಲಿ ಮೂರು ನಿಮಿಷದ ಟೈಮ್ ಡಿಲೇ ಇರಲೇಬೇಕು. ನಮ್ಮಲ್ಲಿ ಗಾಳಿಗೆ ತಂತಿ ತಾಗಿ ಕರೆಂಟ್ ಒಂದೇ ನಿಮಿಷದಲ್ಲಿ ಮೂರು ಸಲ ಹೋಗಿ ಬರುತ್ತದೆ. ಆಗ ಕಂಪ್ರೆಸರಿನ ಎರಡು ಬದಿಯ ಒತ್ತಡ ಸಮವಾಗಿರುವುದಿಲ್ಲ, ಪಿಟಿಸಿ ಬಿಲ್ಲೆಯೂ ತಣಿದಿರುವುದಿಲ್ಲ. ಮೋಟಾರು ಏಳಲಾರದೆ ಒದ್ದಾಡುತ್ತದೆ. ರಿಲೇ ಸಾಯುವುದು ಬಹುಪಾಲು ಇಂಥ ನಿಮಿಷಗಳಲ್ಲೇ. ಸ್ಟೆಬಿಲೈಸರ್ ಇಲ್ಲದ ಮನೆಯವರು ಕರೆಂಟ್ ಹೋದೊಡನೆ ಫ್ರಿಜ್ಜಿನ ಸ್ವಿಚ್ ಆರಿಸಿ, ಬಂದು ಐದು ನಿಮಿಷ ನಿಂತ ಮೇಲೆ ಹಾಕಿದರೂ ಈ ಟೈಮ್ ಡಿಲೇಯ ಕೆಲಸವಾಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮಾತ್ರ ಸ್ಟೆಬಿಲೈಸರ್ ತಡೆಯಲ್ಲ, ಪ್ಲಗ್ಗನ್ನೇ ಕೀಳಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಫ್ರಿಜ್ ಓಡಿಸಬೇಡಿ, ಮೋಟಾರು ಸುಮ್ಮನೆ ಬಿಸಿಯಾಗುತ್ತದೆ. ಸೈನ್ ವೇವ್ ಆದರೆ, ಏಳುವ ಕ್ಷಣದ ಆ 5ರಿಂದ 8 ಆಂಪಿಯರನ್ನು ತಾಳುವಂತಿದ್ದರೆ ಆಗಬಹುದು.

ಹೊಸದು ಕೊಳ್ಳುವಾಗ 'ಇನ್ವರ್ಟರ್ ಕಂಪ್ರೆಸರ್' ಎಂದು ತೋರಿಸುತ್ತಾರೆ. ಅದು ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ, ಎಲೆಕ್ಟ್ರಾನಿಕ್ ಬೋರ್ಡಿನಿಂದ ಓಡುವ ಕಂಪ್ರೆಸರ್. ಅದು ಮೆಲ್ಲಗೆ ಏಳುವುದರಿಂದ ಕಡಿಮೆ ವೋಲ್ಟೇಜಿನಲ್ಲಿ ಒದ್ದಾಟ ಕಡಿಮೆ, ಸದ್ದೂ ಕಡಿಮೆ. ಆದರೆ ಅದರ ಎಲೆಕ್ಟ್ರಾನಿಕ್ ಬೋರ್ಡ್ ಸಿಡಿಲು, ನ್ಯೂಟ್ರಲ್ ದೋಷದ ಹೆಚ್ಚು ವೋಲ್ಟೇಜಿಗೆ ಬಹಳ ನಾಜೂಕು, ಬದಲಿಸಲು ಸಾವಿರಾರು ರೂಪಾಯಿ. ಮೇಲೆ ಹೇಳಿದ ರಿಲೇ, ಮೂರು ಪಿನ್ನಿನ ಪರೀಕ್ಷೆಯೂ ಅದಕ್ಕೆ ಅನ್ವಯಿಸುವುದಿಲ್ಲ, ಅದರಲ್ಲಿ ಮೂರು ಜೋಡಿಯೂ ಒಂದೇ ಓಮ್ ತೋರಿಸುತ್ತವೆ. ಲೈನಿನಲ್ಲಿ ಏರಿಳಿತ ಹೆಚ್ಚಿರುವ, ಸರ್ವಿಸ್ ಸೆಂಟರ್ ದೂರವಿರುವ ತೋಟದ ಮನೆಗೆ ಸಾಮಾನ್ಯ ಕಂಪ್ರೆಸರಿನ ಡೈರೆಕ್ಟ್ ಕೂಲ್ ಫ್ರಿಜ್ಜೇ ವಾಸಿ ಎಂಬುದು ನನ್ನ ಸಲಹೆ. ಊರೊಳಗೆ ಒಳ್ಳೆಯ ವೋಲ್ಟೇಜ್ ಇರುವವರು ಇನ್ವರ್ಟರ್ ತೆಗೆದುಕೊಳ್ಳಲಿ. ಡಬಲ್ ಡೋರ್ ನೋಡುವವರು ಲೇಬಲಿನಲ್ಲಿ ಹವಾಮಾನದ ವರ್ಗವನ್ನೂ ನೋಡಿ. 'ಟಿ' ಎಂದರೆ 16ರಿಂದ 43 ಡಿಗ್ರಿಗೆ, 'ಎನ್' ಎಂದರೆ 16ರಿಂದ 32ಕ್ಕೆ, 'ಎಸ್‌ಎನ್' ಎಂದರೆ 10ರಿಂದ 32ಕ್ಕೆ ಮಾಡಿದ್ದು. ಪುತ್ತರಿ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಕಳೆದ ಮೇಲಿನ ಚಳಿಯಲ್ಲಿ ಅಡುಗೆಮನೆ 16ಕ್ಕಿಂತ ಕೆಳಗಿಳಿದಾಗ ಕೆಳಗಿನ ಭಾಗ ಬೇಗ ತಣಿದು, ಕಂಪ್ರೆಸರ್ ಓಡುವ ಹೊತ್ತು ಕಡಿಮೆಯಾಗಿ, ಮೇಲಿನ ಫ್ರೀಜರಿನಲ್ಲಿ ಇಟ್ಟ ಹಂದಿಮಾಂಸ ಮೆತ್ತಗಾಗುತ್ತದೆ. ಅದು ಗ್ಯಾಸ್ ಸೋರಿಕೆಯಲ್ಲ, ಯಾರಿಂದಲೂ ಗ್ಯಾಸ್ ತುಂಬಿಸಬೇಡಿ.

ಅಂದಹಾಗೆ, ನಾಲ್ಕು ದಿನ ಕರೆಂಟಿಲ್ಲದ ಫ್ರಿಜ್ಜಿನ ಮಾಂಸ, ಮೀನು, ಹಾಲು, ಬೇಯಿಸಿದ ಸಾರು ಯಾವುದನ್ನೂ ಉಳಿಸಬೇಡಿ. ಬಾಗಿಲು ತೆರೆಯದಿದ್ದರೂ ಕೆಳಭಾಗ ತಂಪು ಹಿಡಿಯುವುದು ನಾಲ್ಕು ಗಂಟೆಯಷ್ಟೇ. ಒಳಗೆ ಬೂಷ್ಟು ಹಿಡಿದಿದ್ದರೆ ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಒರೆಸಿ, ಗ್ಯಾಸ್ಕೆಟ್ಟಿನ ಮಡಿಕೆಯನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ರಿಪೇರಿ ಆಗುವವರೆಗೆ ಬಾಗಿಲನ್ನು ಸ್ವಲ್ಪ ತೆರೆದಿಡಿ.

ಹೊಸದೇ ತರುವುದಾದರೆ ಹಳೆಯದನ್ನು ಗುಜರಿಯವರಿಗೆ ಕೊಟ್ಟು ಪೈಪ್ ಕಡಿಸಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಫ್ರಿಜ್ ಕೂಡ ಸೇರಿದೆ, ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿ ವಿನಿಮಯದ ಲೆಕ್ಕದಲ್ಲಿ ಒಪ್ಪಿಸುವುದು ಸುಲಭದ ದಾರಿ, ಅವರು ಯಾರಿಗೆ ಕಳಿಸುತ್ತಾರೆಂದು ಕೇಳಿ. ಆರ್134ಎ ಗಾಳಿಗೆ ಬಿಟ್ಟರೆ ಭೂಮಿಯ ಬಿಸಿ ಏರಿಸುವುದರಲ್ಲಿ ಅದರ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ ಸಾವಿರಕ್ಕೂ ಹೆಚ್ಚು ಕಿಲೋಗೆ ಸಮ. ಆರ್600ಎ ಆ ಲೆಕ್ಕದಲ್ಲಿ ಸಾಧು, ಆದರೆ ಮುಚ್ಚಿದ ಕೋಣೆಯಲ್ಲಿ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಒಯ್ಯುವವರೆಗೆ ಜಗಲಿಯಲ್ಲೋ ಕಣದ ಮೂಲೆಯಲ್ಲೋ ಇಡುವುದಾದರೆ ಬಾಗಿಲನ್ನೇ ಬಿಚ್ಚಿಡಿ. ಮಕ್ಕಳು ಆಟಕ್ಕೆ ಒಳಗೆ ಕೂತರೆ ಗ್ಯಾಸ್ಕೆಟ್ ಬಿಗಿಯಾಗಿ ಅಂಟಿ ಗಾಳಿ ಆಡುವುದಿಲ್ಲ. ಮೇಲಿನ ಕೀಲಿನ ಸ್ಕ್ರೂಗಳನ್ನು ತೆಗೆದರೆ ಬಾಗಿಲು ಎತ್ತಿಕೊಂಡು ಬರುತ್ತದೆ, ಹತ್ತು ನಿಮಿಷದ ಕೆಲಸ.